ಸ್ಪಾರ್ಟಾದ ಯೋಧನ ಗುರಾಣಿ ಹೊತ್ತವನು ಯಾರು?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎರಡು ವರ್ಷಗಳಿಂದ ಬಿಡುವು ಸಿಕ್ಕಾಗಲೆಲ್ಲ ಒಂದು ಐತಿಹಾಸಿಕ ಕಾದಂಬರಿ ಬರೆಯುತ್ತಿದ್ದೇನೆ. ಪ್ರಾಚೀನ ಗ್ರೀಸಿನ ಸ್ಪಾರ್ಟಾದ ಒಬ್ಬ ಯೋಧನ ಬದುಕು ಅದರ ವಸ್ತು. ಏಳನೆಯ ವಯಸ್ಸಿಗೆ ತಾಯಿಯ ಮಡಿಲು ಬಿಟ್ಟು ತರಬೇತಿಗೆ ಸೇರಿದ ಹುಡುಗ ಪರ್ಷಿಯನ್ನರ ವಿರುದ್ಧ ನಡೆದ ಕ್ರಿ.ಪೂ. 479ರ ಪ್ಲಟೇಯ ಯುದ್ಧದಲ್ಲಿ ಮಡಿಯುವಲ್ಲಿಗೆ ಕಥೆ ಮುಗಿಯುತ್ತದೆ. 140 ಪುಟ ಆಗಿದೆ. ಮೊದಲ ಅಧ್ಯಾಯದಲ್ಲಿ ದುರ್ಬಲ ಕೂಸೊಂದನ್ನು ಬೆಟ್ಟದ ತುದಿಯಿಂದ ಎಸೆಯುತ್ತಾರೆ. ಓದಿದ ಗೆಳೆಯರೊಬ್ಬರು ‘ಇದು ಕಟ್ಟುಕಥೆ’ ಎಂದರು. ಅಂದಿನಿಂದ ಬರವಣಿಗೆ ನಿಂತಿದೆ. ಹುಡುಕಿ ಓದಿದಷ್ಟೂ ಗೊಂದಲ ಹೆಚ್ಚಾಯಿತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯುತ್ತಾರೆ. ಈ ಯೋಧರು ಯುದ್ಧವಿಲ್ಲದ ದಿನ ಏನು ಮಾಡುತ್ತಿದ್ದರು, ಏನು ಉಣ್ಣುತ್ತಿದ್ದರು ಎಂಬುದೇ ನನಗೆ ಸರಿಯಾಗಿ ಗೊತ್ತಿಲ್ಲ ಎಂದು ಈಗ ಅನಿಸುತ್ತಿದೆ. ಅವರ ಬಳಿ ಹೆಲಾಟರೆಂಬ ಗುಲಾಮರಿದ್ದರಂತೆ. ನನ್ನ ನಾಯಕ ಅವರನ್ನು ಹೊಡೆಯುವಂತೆ ಬರೆದರೆ ಓದುಗರು ಅವನನ್ನು ದ್ವೇಷಿಸುತ್ತಾರೆ, ಬರೆಯದಿದ್ದರೆ ಸುಳ್ಳಾಗುತ್ತದೆ. ಇನ್ನು ಅವರ ಮಾತಿಗೆ ಯಾವ ಕನ್ನಡ? ಹಳಗನ್ನಡದ ಛಾಯೆ ತಂದರೆ ನಾಟಕದಂತೆ ಕೇಳುತ್ತದೆ. ಈ ಕಾದಂಬರಿಯನ್ನು ಕೈಬಿಡುವುದೇ ಒಳ್ಳೆಯದೇ? ದಯವಿಟ್ಟು ತಿಳಿಸಿ.

ಉತ್ತರ: ಕೈಬಿಡಬೇಡಿ. ಮೂವತ್ತು ವರ್ಷ ಪ್ರಾಚೀನ ಗ್ರೀಸಿನ ಇತಿಹಾಸ ಪಾಠ ಮಾಡಿದವನಾಗಿ, ಆಮೇಲೆ ಹಲವು ಬರಹಗಾರರ ಹಸ್ತಪ್ರತಿ ಓದಿದವನಾಗಿ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿದ್ದರೂ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಮೂರನೆಯದು. ಕೂಸನ್ನು ಎಸೆದರೋ ಇಲ್ಲವೋ ಎಂಬ ಸಂಶಯಕ್ಕೆ ಯಾರ ಬರವಣಿಗೆಯೂ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಎರಡು ವರ್ಷ ಪ್ರೀತಿಯಿಂದ ಬೆಳೆಸಿದ ನಾಯಕನ ಅನ್ನ ಎಲ್ಲಿಂದ ಬಂತು ಎಂದು ಗೊತ್ತಾದಾಗ ನಿಲ್ಲುತ್ತದೆ. ಹಾಗೆ ನಿಂತದ್ದು ಒಳ್ಳೆಯ ಲಕ್ಷಣವೆಂದೇ ನಾನು ತಿಳಿಯುತ್ತೇನೆ.

ಮೊದಲು ಗೊಂದಲದ ಮೂಲ ನೋಡೋಣ. ಸ್ಪಾರ್ಟಾದವನೊಬ್ಬ ತನ್ನ ಊರಿನ ಬಗ್ಗೆ ಬರೆದ ಇತಿಹಾಸ ನಮ್ಮ ಕೈಗೆ ಬಂದಿಲ್ಲ. ಆ ನೆಲದಿಂದ ಉಳಿದಿರುವುದು ಮುಖ್ಯವಾಗಿ ಕ್ರಿ.ಪೂ. ಏಳನೆಯ ಶತಮಾನದ ಟಿರ್ಟೇಯಸ್ ಮತ್ತು ಆಲ್ಕ್‌ಮನ್ ಎಂಬ ಕವಿಗಳ ಪದ್ಯಗಳು, ಅವೂ ಚೂರುಚೂರಾಗಿ. ಮಿಕ್ಕದ್ದೆಲ್ಲ ಹೊರಗಿನವರ ಮಾತು. ಹೆರೊಡೋಟಸ್ ಪ್ಲಟೇಯ ಯುದ್ಧದ ಒಂದು ತಲೆಮಾರಿನ ನಂತರ ಕೇಳಿ ಬರೆದವನು. ಥ್ಯುಸಿಡೈಡೀಸ್ ಅಥೆನ್ಸಿನವನು, ಅಂದರೆ ಶತ್ರುಪಕ್ಷದ ಸೇನಾಪತಿ. ಝೆನೊಫೊನ್ ಸ್ಪಾರ್ಟಾದವರ ಜೊತೆ ಬದುಕಿದವನು, ಅವರ ಋಣದಲ್ಲಿದ್ದವನು. ಆದ್ದರಿಂದ ಅವನಿಗೆ ಬಹಳ ಗೊತ್ತು, ಮತ್ತು ಬಹಳ ಸಂಗತಿಗಳ ಬಗ್ಗೆ ಅವನು ಮೌನ. ಪ್ಲುಟಾರ್ಕ್ ಬರೆದದ್ದು ಸುಮಾರು ಕ್ರಿ.ಶ. 100ರಲ್ಲಿ, ಪ್ಲಟೇಯ ಮುಗಿದು ಐನೂರು ವರ್ಷಗಳಿಗೂ ಹೆಚ್ಚು ಕಳೆದ ಮೇಲೆ. ಆ ಹೊತ್ತಿಗೆ ಸ್ಪಾರ್ಟಾ ರೋಮನ್ ಆಳ್ವಿಕೆಯ ಸಣ್ಣ ಪಟ್ಟಣ. ಆರ್ಟೆಮಿಸ್ ಆರ್ಥಿಯಾ ದೇವತೆಯ ಗುಡಿಯ ಮುಂದೆ ಹುಡುಗರಿಗೆ ಚಾಟಿಯೇಟು ಕೊಡುವ ಆಚರಣೆ ಪರಊರಿನವರು ಬಂದು ನೋಡುವ ಪ್ರದರ್ಶನವಾಗಿತ್ತು. ನೋಡಲೆಂದೇ ಮುಂದೆ ಅಲ್ಲಿ ಕಲ್ಲಿನ ಆಸನಗಳ ರಂಗಮಂದಿರವನ್ನೂ ಕಟ್ಟಿದರು. ತನ್ನ ಹಳೆಯ ಕೀರ್ತಿಯನ್ನು ಅಭಿನಯಿಸಿ ತೋರಿಸುತ್ತಿದ್ದ ಊರಿನ ಬಗ್ಗೆ ಬರೆದದ್ದನ್ನೇ ನಾವು ಹೆಚ್ಚಾಗಿ ‘ಸ್ಪಾರ್ಟಾ’ ಎಂದು ಓದುತ್ತಿದ್ದೇವೆ.

ಕೂಸಿನ ಕಥೆ ಬರುವುದು ಇದೇ ಪ್ಲುಟಾರ್ಕನಲ್ಲಿ. ಹಿರಿಯರು ಶಿಶುವನ್ನು ಪರೀಕ್ಷಿಸಿ, ದುರ್ಬಲವಾಗಿದ್ದರೆ ತಾಯ್ಗೆಟಸ್ ಪರ್ವತದ ಬುಡದ ಕಮರಿಯಂಥ ಜಾಗಕ್ಕೆ ಕಳುಹಿಸುತ್ತಿದ್ದರು ಎನ್ನುತ್ತಾನೆ ಅವನು. ಅವನಿಗಿಂತ ಐದು ಶತಮಾನ ಹಿಂದೆ ಸ್ಪಾರ್ಟಾದಲ್ಲಿ ಮಕ್ಕಳನ್ನು ಬೆಳೆಸುವ ಕ್ರಮವನ್ನೇ ಹೊಗಳಿ ಬರೆದ ಝೆನೊಫೊನ್ ಇದರ ಸುದ್ದಿಯನ್ನೇ ಎತ್ತುವುದಿಲ್ಲ. ಇನ್ನು ಸುಮಾರು ಕ್ರಿ.ಪೂ. 400ರಲ್ಲಿ ಪಟ್ಟಕ್ಕೆ ಬಂದ ರಾಜ ಅಗೆಸಿಲಾವಸ್ ಕುಂಟುಗಾಲಿನವನು, ಎಲ್ಲ ಹುಡುಗರಂತೆ ಕಠಿಣ ತರಬೇತಿ ಮುಗಿಸಿದವನು. ಬೇಡದ ಕೂಸನ್ನು ಊರಾಚೆ ಬಿಟ್ಟು ಬರುವುದು ಗ್ರೀಸಿನ ಬೇರೆ ಕಡೆಯೂ ಇತ್ತು. ಆದರೆ ಸರ್ಕಾರವೇ ತೂಗಿ ನೋಡಿ ಬೆಟ್ಟದಿಂದ ಎಸೆಯುತ್ತಿತ್ತು ಎಂಬುದಕ್ಕೆ ಆ ಕಾಲದ ಸಾಕ್ಷಿ ಇಲ್ಲ. ಹಾಗಾಗಿ ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಮುಕ್ಕಾಲು ಸರಿ. ಆದರೂ ಆ ಅಧ್ಯಾಯವನ್ನು ಹರಿದು ಹಾಕಬೇಕಾಗಿಲ್ಲ. ಇತಿಹಾಸಕಾರನಿಗಿಲ್ಲದ ಒಂದು ಸವಲತ್ತು ಕಾದಂಬರಿಕಾರನಿಗಿದೆ. ಸುದ್ದಿಯನ್ನು ಸುದ್ದಿಯಾಗಿಯೇ ಪಾತ್ರದ ಬಾಯಲ್ಲಿ ಇಡಬಹುದು. ಆ ಕೂಸು ಬೀಳುವುದನ್ನು ನೀವು ತೋರಿಸಬೇಡಿ. ರಾತ್ರಿ ಒಬ್ಬ ಮುದುಕಿ ಹುಡುಗರಿಗೆ ಹೇಳಲಿ. ನಂಬುವುದು ಬಿಡುವುದು ಆ ಹುಡುಗರಿಗೆ ಬಿಟ್ಟದ್ದು.

ಬರಿಮೈಯಲ್ಲಿ ಹೋರಾಡುವ ಯೋಧರ ಚಿತ್ರವನ್ನು ಮಾತ್ರ ಪೂರ್ತಿ ಬಿಡಿ. ಗ್ರೀಕ್ ಶಿಲ್ಪಿಗಳು, ಮಡಕೆಯ ಮೇಲೆ ಚಿತ್ರ ಬರೆಯುವವರು ವೀರರನ್ನು ಬೆತ್ತಲೆಯಾಗಿ ತೋರಿಸುತ್ತಿದ್ದರು. ಅದು ಕಲೆಯ ರೂಢಿ. ಕಣದಲ್ಲಿ ನಿಂತವನ ತಲೆಯ ಮೇಲೆ ಕಂಚಿನ ಶಿರಸ್ತ್ರಾಣ, ಎದೆಗೆ ಕಂಚಿನದೋ ಹಲವು ಪದರ ನಾರುಬಟ್ಟೆಯದೋ ಕವಚ, ಮೊಣಕಾಲಿನಿಂದ ಕೆಳಗೆ ಕಂಚಿನ ಕಾಪು, ಮೈಮೇಲೆ ಕಡುಗೆಂಪು ಬಟ್ಟೆ. ಎಲ್ಲರ ಗುರಾಣಿಯ ಮೇಲೂ ತಮ್ಮ ನಾಡಿನ ಹೆಸರಾದ ಲಾಕಡೈಮೋನ್‌ನ ಮೊದಲಕ್ಷರ ‘ಲಾಂಬ್ಡ’ ಇತ್ತು ಎಂಬ ಮಾತಿಗೆ ಸಾಕ್ಷಿ ಸಿಗುವುದು ಐದನೆಯ ಶತಮಾನದ ಕೊನೆಗೆ. ನಿಮ್ಮ ನಾಯಕನ ಕಾಲಕ್ಕೆ ಅದು ಬೇಡ, ಅವನ ಗುರಾಣಿಯ ಮೇಲೆ ನಿಮಗಿಷ್ಟವಾದ ಪ್ರಾಣಿಯನ್ನು ಬಿಡಿಸಿ. ‘ಗುರಾಣಿಯೊಂದಿಗೆ ಬಾ, ಇಲ್ಲವೇ ಗುರಾಣಿಯ ಮೇಲೆ ಬಾ’ ಎಂದು ತಾಯಿ ಹೇಳುವ ಮಾತೂ ಪ್ಲುಟಾರ್ಕನ ಸಂಗ್ರಹದ್ದೇ. ಸ್ಪಾರ್ಟಾದವರು ಸಾಮಾನ್ಯವಾಗಿ ಸತ್ತವರನ್ನು ಮಡಿದ ನೆಲದಲ್ಲೇ ಹೂಳುತ್ತಿದ್ದರು, ಊರಿಗೆ ಹೊತ್ತು ತರುತ್ತಿರಲಿಲ್ಲ. ನಿಮ್ಮ 140 ಪುಟಗಳಲ್ಲಿ ಈ ಮಾತು ಎಲ್ಲಾದರೂ ಇದ್ದರೆ ತೆಗೆದುಬಿಡಿ. ಸುಳ್ಳೆಂಬ ಒಂದೇ ಕಾರಣಕ್ಕಲ್ಲ, ಎಲ್ಲರೂ ಬಳಸಿ ಸವೆಸಿದ ಮಾತು ಅದು.

ಇನ್ನು ಊಟ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಕಾದಂಬರಿಯ ಜೀವ ಇರಬೇಕಾದದ್ದು ಇಲ್ಲಿ. ಯೋಧನ ಬದುಕಿನಲ್ಲಿ ಯುದ್ಧದ ದಿನಗಳು ಬೆರಳೆಣಿಕೆಯವು. ಪಂಕ್ತಿಯೂಟ ಮಾತ್ರ ಪ್ರತಿ ಸಂಜೆ. ಸ್ಪಾರ್ಟಾದ ನಾಗರಿಕ ಹೆಂಡತಿ ಮಕ್ಕಳೊಂದಿಗೆ ರಾತ್ರಿ ಊಟ ಮಾಡುತ್ತಿರಲಿಲ್ಲ. ಹದಿನೈದರಷ್ಟು ಗಂಡಸರ ಒಂದೊಂದು ಊಟದ ಕೂಟವಿರುತ್ತಿತ್ತು, ಅದಕ್ಕೆ ಸೇರದವನು ನಾಗರಿಕನೇ ಅಲ್ಲ. ಸೇರುವ ಕ್ರಮ ನೋಡಿ. ಸೇವಕನೊಬ್ಬ ತಲೆಯ ಮೇಲೆ ಬಟ್ಟಲಿಟ್ಟುಕೊಂಡು ಸುತ್ತು ಬರುತ್ತಾನೆ. ಕುಳಿತವರು ಒಬ್ಬೊಬ್ಬರಾಗಿ ಮೆತ್ತನೆಯ ರೊಟ್ಟಿಯ ಚೂರನ್ನು ಮಾತಿಲ್ಲದೆ ಅದರೊಳಗೆ ಹಾಕುತ್ತಾರೆ. ಒಪ್ಪಿಗೆ ಇದ್ದವರದು ಹಾಗೇ ಇರುತ್ತದೆ, ಇಲ್ಲದವರು ಬೆರಳಲ್ಲಿ ಅಮುಕಿ ಚಪ್ಪಟೆ ಮಾಡಿರುತ್ತಾರೆ. ಚಪ್ಪಟೆಯಾದ ಚೂರು ಒಂದೇ ಒಂದು ಕಂಡರೂ ಹೊಸಬನಿಗೆ ಪ್ರವೇಶವಿಲ್ಲ. ಇಪ್ಪತ್ತು ವರ್ಷದ ಹುಡುಗ ಅಲ್ಲಿ ನಿಂತಿದ್ದಾನೆ, ಬಟ್ಟಲು ಸುತ್ತು ಮುಗಿಸುತ್ತಿದೆ. ಇದಕ್ಕಿಂತ ಹೆಚ್ಚಿನ ಯುದ್ಧದ ದೃಶ್ಯ ನಿಮಗೆ ಏಕೆ ಬೇಕು? ಕೂಟದೊಳಗೆ ಬರುವ ಪ್ರತಿಯೊಬ್ಬನಿಗೂ ಹಿರಿಯನೊಬ್ಬ ಬಾಗಿಲನ್ನು ತೋರಿಸಿ ‘ಇಲ್ಲಿಂದ ಒಂದು ಮಾತೂ ಆಚೆ ಹೋಗಕೂಡದು’ ಎನ್ನುತ್ತಿದ್ದನಂತೆ. ಊಟ ಮುಗಿಸಿ ಮನೆಗೆ ಹೋಗುವಾಗ ಪಂಜು ಹಿಡಿಯುವಂತಿಲ್ಲ, ಕತ್ತಲೆಯಲ್ಲಿ ಧೈರ್ಯವಾಗಿ ನಡೆಯುವ ಅಭ್ಯಾಸವಾಗಬೇಕೆಂದು. ಈ ವಿವರಗಳೂ ಪ್ಲುಟಾರ್ಕನವೇ. ಅವನನ್ನು ಪೂರ್ತಿ ತಳ್ಳಿಹಾಕಿ ಎಂದು ನಾನು ಹೇಳುತ್ತಿಲ್ಲ. ಊಟದ ಕೂಟಗಳ ವಿಷಯವನ್ನು ಅವನಿಗಿಂತ ಹಿಂದಿನ ಝೆನೊಫೊನ್, ಅರಿಸ್ಟಾಟಲ್ ಇಬ್ಬರೂ ಹೇಳಿದ್ದಾರೆ. ಬುಡ ಗಟ್ಟಿಯಿರುವ ಕಡೆ ಅವನ ಕೊಂಬೆಗಳನ್ನು ಕಾದಂಬರಿಕಾರ ಹಿಡಿದುಕೊಳ್ಳಬಹುದು.

ಅಡುಗೆ ಬಾರ್ಲಿಯದು. ಹಿಟ್ಟನ್ನು ನಾದಿ ಉಂಡೆಯಂತೆ ಮಾಡಿದ ‘ಮಾಜಾ’, ಅದರೊಡನೆ ಹೆಸರಾಂತ ಕಪ್ಪು ಸಾರು. ಹಂದಿಮಾಂಸದ ಆ ಸಾರನ್ನು ಮುದುಕರು ಎಷ್ಟು ಇಷ್ಟಪಡುತ್ತಿದ್ದರೆಂದರೆ ಮಾಂಸದ ತುಂಡುಗಳನ್ನು ಹುಡುಗರಿಗೆ ಬಿಟ್ಟು ತಾವು ಸಾರನ್ನೇ ಕುಡಿಯುತ್ತಿದ್ದರಂತೆ. ಬೇಟೆಯಾಡಿದವನು ಮಾಂಸ ತರುತ್ತಾನೆ, ಉಳ್ಳವನು ಗೋಧಿ ರೊಟ್ಟಿ ತರುತ್ತಾನೆ. ‘ಸಮಾನರು’ ಎಂದು ತಮ್ಮನ್ನು ಕರೆದುಕೊಳ್ಳುತ್ತಿದ್ದ ಜನರ ನಡುವಿನ ಬಡವ ಬಲ್ಲಿದ ಭೇದ ಒಂದು ರೊಟ್ಟಿಯ ಬಣ್ಣದಲ್ಲಿ ಕಂಡುಬಿಡುತ್ತದೆ. ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ, ಮೆಕ್ಕೆಜೋಳ ಯಾವುದೂ ಅಲ್ಲಿರಲಿಲ್ಲ, ಸಿಹಿಗೆ ಜೇನು ಮತ್ತು ಅಂಜೂರ. ಹಸ್ತಪ್ರತಿಯಲ್ಲಿ ಒಮ್ಮೆ ಕಣ್ಣಾಡಿಸಿ, ಇಂಥವು ಗೊತ್ತಿಲ್ಲದೆ ನುಸುಳಿರುತ್ತವೆ.

ನೀವು ಗಣಿತದ ಮೇಷ್ಟ್ರು, ಈ ಲೆಕ್ಕ ನಿಮಗೆ ನನಗಿಂತ ಬೇಗ ಹೊಳೆಯುತ್ತದೆ. ಪ್ರತಿ ಸದಸ್ಯನೂ ತಿಂಗಳಿಗೆ ಕೂಟಕ್ಕೆ ಒಂದು ಮೆಡಿಮ್ನಸ್ ಬಾರ್ಲಿ ಕೊಡಬೇಕು. ಅಥೆನ್ಸಿನ ಅಳತೆಯಲ್ಲಿ ಅದು 50 ಲೀಟರಿಗೂ ಹೆಚ್ಚು. ಜೊತೆಗೆ ಅದೇ ಅಳತೆಯಲ್ಲಿ ಸುಮಾರು 26 ಲೀಟರ್ ದ್ರಾಕ್ಷಾರಸ, ಚೀಸ್, ಅಂಜೂರ. ಕೊಡಲಾಗದವನು ಕೂಟದಿಂದ ಹೊರಗೆ, ಅಂದರೆ ನಾಗರಿಕತ್ವದಿಂದಲೇ ಹೊರಗೆ. ಅರಿಸ್ಟಾಟಲ್ ಇದನ್ನು ಸ್ಪಾರ್ಟಾದ ದೊಡ್ಡ ದೋಷವೆಂದು ಎತ್ತಿ ಹೇಳಿದ್ದಾನೆ. ಹೆರೊಡೋಟಸ್ ಕ್ರಿ.ಪೂ. 480ರಲ್ಲಿ ಸ್ಪಾರ್ಟಾದ ಪೂರ್ಣ ನಾಗರಿಕರು ಸುಮಾರು 8000 ಎನ್ನುತ್ತಾನೆ. 371ರ ಲ್ಯೂಕ್ಟ್ರಾ ಯುದ್ಧದಲ್ಲಿ ಕಣಕ್ಕಿಳಿದ ಅಂಥವರು 700, ಸತ್ತವರು 400. ಆ ರಾಜ್ಯ ಮತ್ತೆ ಮೇಲೇಳಲಿಲ್ಲ. ಈಟಿಗೆ ಹೆದರದ ನಿಮ್ಮ ನಾಯಕ ಬಾರ್ಲಿಯ ಕಣಜಕ್ಕೆ ಹೆದರುತ್ತಾನೆ. ಆ ಭಯವನ್ನು ಬರೆಯಿರಿ.

ಆದರೆ ಆ ಬಾರ್ಲಿಯನ್ನು ಅವನು ಬಿತ್ತಿ ಬೆಳೆಯುತ್ತಿರಲಿಲ್ಲ. ನೇಗಿಲು ಮುಟ್ಟುವುದು ಅವನ ಘನತೆಗೆ ಕುಂದು. ಬೆಳೆದವರು ಹೆಲಾಟರು. ಸ್ಪಾರ್ಟಾದ ಸುತ್ತಲಿನ ಲಕೋನಿಯದ ಮತ್ತು ಬೆಟ್ಟದಾಚೆಯ ಮೆಸ್ಸೇನಿಯದ ಮೂಲ ರೈತರು ಅವರು, ಗೆದ್ದವರ ಹೊಲದಲ್ಲಿ ತಲೆಮಾರುಗಟ್ಟಲೆ ದುಡಿದವರು. ಸ್ಪಾರ್ಟಾದವರಿಗೆ ಯುದ್ಧದ ಹಾಡು ಕಟ್ಟಿಕೊಟ್ಟ ಟಿರ್ಟೇಯಸನೇ ಅವರನ್ನು ಭಾರ ಹೊತ್ತು ಸವೆದ ಕತ್ತೆಗಳಿಗೆ ಹೋಲಿಸಿ, ನೆಲ ಕೊಟ್ಟ ಫಲದಲ್ಲಿ ಅರ್ಧವನ್ನು ಒಡೆಯರಿಗೆ ತಂದು ಹಾಕುತ್ತಾರೆಂದು ಹಾಡಿದ್ದಾನೆ. ಪ್ರತಿ ವರ್ಷ ಅಧಿಕಾರ ವಹಿಸಿಕೊಂಡ ಹೊಸ ‘ಎಫರ್’ಗಳು, ಅಂದರೆ ಊರಿನ ಐವರು ಮೇಲಧಿಕಾರಿಗಳು, ಹೆಲಾಟರ ಮೇಲೆ ವಿಧ್ಯುಕ್ತವಾಗಿ ಯುದ್ಧ ಸಾರುತ್ತಿದ್ದರು, ಅವರನ್ನು ಕೊಂದರೆ ಪಾಪ ಅಂಟದಿರಲೆಂದು. ಈ ಮಾತನ್ನು ಹೇಳಿದವನು ಅರಿಸ್ಟಾಟಲ್ ಎನ್ನುತ್ತಾನೆ ಪ್ಲುಟಾರ್ಕ್. ಥ್ಯುಸಿಡೈಡೀಸ್ ಹೇಳುವ ಘಟನೆಯಂತೂ ಮೈ ನಡುಗಿಸುತ್ತದೆ. ಯುದ್ಧದಲ್ಲಿ ಅತ್ಯಂತ ಚೆನ್ನಾಗಿ ಸೇವೆ ಮಾಡಿದವರು ಮುಂದೆ ಬನ್ನಿ, ಬಿಡುಗಡೆ ಕೊಡುತ್ತೇವೆ ಎಂದು ಹೆಲಾಟರಿಗೆ ಸಾರಿದರು. ಸುಮಾರು ಎರಡು ಸಾವಿರ ಜನರನ್ನು ಆರಿಸಿದರು. ಅವರು ತಲೆಗೆ ಹೂವಿನ ದಂಡೆ ಮುಡಿದು ಗುಡಿಗಳಿಗೆ ಪ್ರದಕ್ಷಿಣೆ ಬಂದರು. ಆಮೇಲೆ ಅವರು ಕಾಣಲಿಲ್ಲ. ಒಬ್ಬೊಬ್ಬರೂ ಹೇಗೆ ಸತ್ತರೆಂದು ಯಾರಿಗೂ ತಿಳಿಯಲಿಲ್ಲ.

ಈಗ ಒಂದು ವಸ್ತುವನ್ನು ನಿಮ್ಮ ಮುಂದೆ ಇಡುತ್ತೇನೆ. ಹಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳಿಗೆ ತೋರಿಸಲೆಂದು ನಮ್ಮೂರಿನ ಬಡಗಿಯೊಬ್ಬರಿಂದ ಗ್ರೀಕ್ ಗುರಾಣಿ ಮಾಡಿಸಿದ್ದೆ. ಅಗಲ 90 ಸೆಂಟಿಮೀಟರ್, ಬೋಗುಣಿಯಂತೆ ಒಳಗೆ ತಗ್ಗು, ಹಗುರ ಮರದ ಹಲಗೆಗಳನ್ನು ಅಂಟಿಸಿ ಕೆತ್ತಿದ್ದು. ಏಳು ಕಿಲೋ ತೂಗಿತು. ಒಳಗೆ ನಡುಮಧ್ಯೆ ಒಂದು ಅಗಲವಾದ ಪಟ್ಟಿ, ಅದರೊಳಗೆ ಮುಂಗೈಯನ್ನು ಮೊಣಕೈವರೆಗೆ ತೂರಿಸಬೇಕು. ಅಂಚಿನ ಬಳಿ ಒಂದು ಹಿಡಿ, ಅದನ್ನು ಮುಷ್ಟಿಯಲ್ಲಿ ಹಿಡಿಯಬೇಕು. ತೋಳು ಚಾಚಿ ಹಿಡಿದರೆ ಎರಡು ನಿಮಿಷದಲ್ಲಿ ಭುಜ ಉರಿಯಿತು. ಅಂಚನ್ನು ಎಡಹೆಗಲ ಮೇಲೆ ಊರಿದಾಗ ಭಾರ ಇಳಿದು ಹೋಯಿತು, ಬೋಗುಣಿಯ ಆಕಾರ ಏಕೆಂದು ಅಲ್ಲಿ ಅರ್ಥವಾಯಿತು. ಹಾಗೆ ನಿಂತಾಗ ಗುರಾಣಿಯ ಅರ್ಧ ನನ್ನ ಮೈಯನ್ನು ಬಿಟ್ಟು ಎಡಕ್ಕೆ ಚಾಚಿತ್ತು. ಎಡಗಡೆ ನಿಂತಿದ್ದ ಹುಡುಗ ತಾನಾಗಿ ಅದರ ಮರೆಗೆ ಸರಿದ. ಎಲ್ಲರೂ ಹೀಗೆ ಬಲಗಡೆಯವನ ಗುರಾಣಿಗೆ ಒತ್ತಿಕೊಳ್ಳುವುದರಿಂದ ಇಡೀ ಸೇನೆ ಬಲಕ್ಕೆ ವಾಲುತ್ತದೆ ಎಂದು ಥ್ಯುಸಿಡೈಡೀಸ್ 418ರ ಮಾಂಟಿನೇಯ ಯುದ್ಧದ ವಿವರದಲ್ಲಿ ಬರೆದದ್ದನ್ನು ನಾನು ಅಷ್ಟು ವರ್ಷ ಓದಿಯಷ್ಟೇ ಬಲ್ಲವನಾಗಿದ್ದೆ.

ಆ ಒಳಪಟ್ಟಿಯ ಬಗ್ಗೆ ಅಥೆನ್ಸಿನ ಲೇಖಕ ಕ್ರಿಟಿಯಸ್ ಒಂದು ಮಾತು ಹೇಳಿದ್ದಾನೆ. ಸ್ಪಾರ್ಟಾದವನು ಮನೆಯಲ್ಲಿರುವಾಗ ಗುರಾಣಿಯ ತೋಳುಪಟ್ಟಿಯನ್ನು ಕಳಚಿಡುತ್ತಾನೆ, ಹೆಲಾಟನ ಕೈಗೆ ಗುರಾಣಿ ಸಿಕ್ಕರೂ ಬಳಸಲಾಗದಿರಲೆಂದು. ಕ್ರಿಟಿಯಸ್ ಸ್ಪಾರ್ಟಾವನ್ನು ದ್ವೇಷಿಸಿದವನಲ್ಲ, ಮೆಚ್ಚಿದವನು. ಅದಕ್ಕೇ ಈ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಗ್ರೀಸಿನಲ್ಲೇ ಹೆಸರಾದ ವೀರ, ರಾತ್ರಿ ಮಲಗುವ ಮುನ್ನ ತನ್ನ ಗುರಾಣಿಯ ಪಟ್ಟಿ ಬಿಚ್ಚಿ ಎಲ್ಲೋ ಬಚ್ಚಿಡುತ್ತಾನೆ. ಯುದ್ಧಕ್ಕೆ ಹೊರಟಾಗ ಅದೇ ಗುರಾಣಿಯನ್ನು ದಾರಿಯುದ್ದಕ್ಕೂ ಹೊರುವವನು ಹೆಲಾಟ.

ಇದರಿಂದ ನಿಮ್ಮ ಮೂರನೆಯ ಪ್ರಶ್ನೆಗೆ ಬರುತ್ತೇನೆ. ನಾಯಕ ಹೊಡೆಯಬೇಕೋ ಬೇಡವೋ ಎಂಬುದು ದೃಶ್ಯದ ಪ್ರಶ್ನೆಯಾಗಿ ನಿಮಗೆ ಕಾಣುತ್ತಿದೆ. ನನಗೆ ಅದು ಕಥೆ ಹೇಳುವವನು ಯಾರೆಂಬ ಪ್ರಶ್ನೆ. ಈಗಿರುವಂತೆ ಸ್ಪಾರ್ಟಾದ ಯೋಧನ ಕಣ್ಣಲ್ಲೇ ಕಥೆ ಸಾಗಬಹುದು. ಆಗ ಅವನಿಗೆ ಹೆಲಾಟ ಕಾಣುವುದೇ ಇಲ್ಲ, ನಮಗೆ ಮನೆಯ ಕಂಬ ಕಾಣದಂತೆ. ಅವನು ಗಮನಿಸದ್ದನ್ನು ಓದುಗ ಗಮನಿಸುವಂತೆ ಬರೆಯಬೇಕು. ಅದು ಬಹಳ ಕಷ್ಟದ ಕೆಲಸ. ಸ್ವಲ್ಪ ಕೈತಪ್ಪಿದರೂ ಕಾದಂಬರಿ ಸ್ಪಾರ್ಟಾದ ಜಯಘೋಷವಾಗಿಬಿಡುತ್ತದೆ. ಹಲವರು ಹಿಡಿಯುವ ಇನ್ನೊಂದು ದಾರಿಯಿದೆ. ನಾಯಕನಿಗೆ ಗುಟ್ಟಾಗಿ ಹೆಲಾಟರ ಮೇಲೆ ಕನಿಕರ ಹುಟ್ಟಿಸಿ, ಗುಲಾಮಗಿರಿ ತಪ್ಪೆಂದು ಅವನ ಬಾಯಲ್ಲಿ ಹೇಳಿಸುವುದು. ದಯವಿಟ್ಟು ಇದನ್ನು ಮಾಡಬೇಡಿ. ಅವನು ನಮ್ಮ ಕಾಲದವನಾಗುತ್ತಾನೆ, ಹೆಲಾಟರ ನೋವು ಅವನ ಒಳ್ಳೆಯತನಕ್ಕೆ ಅಲಂಕಾರವಾಗುತ್ತದೆ. ಮೂರನೆಯದು ‘ಪೆರಿಯೋಕಿ’ ಎಂಬ ಸುತ್ತಲಿನ ಊರುಗಳ ಸ್ವತಂತ್ರ ಜನರಲ್ಲಿ ಒಬ್ಬನ ಕಣ್ಣು. ಕಸುಬುದಾರರು, ವ್ಯಾಪಾರಿಗಳು ಇದ್ದದ್ದು ಹೆಚ್ಚಾಗಿ ಅವರಲ್ಲಿ, ಪ್ಲಟೇಯಕ್ಕೆ ಅವರ ಐದು ಸಾವಿರ ಯೋಧರೂ ಹೋಗಿದ್ದರು. ಇಬ್ಬರನ್ನೂ ನೋಡಬಲ್ಲ ದೂರ ಅವನಿಗಿದೆ. ಅಪಾಯವೆಂದರೆ ಅವನು ಬರಿಯ ನೋಡುಗನಾಗಿ ಉಳಿದುಬಿಡಬಹುದು, ಅವನಿಗೆ ಕಳೆದುಕೊಳ್ಳಲು ಏನನ್ನಾದರೂ ನೀವೇ ಹುಟ್ಟಿಸಬೇಕು.

ನಾಲ್ಕನೆಯದು ಗುರಾಣಿ ಹೊತ್ತ ಹೆಲಾಟನೇ ಕಥೆ ಹೇಳುವುದು. ನಾನು ನಿಮ್ಮ ಜಾಗದಲ್ಲಿದ್ದರೆ ಇದನ್ನೇ ಆರಿಸುತ್ತಿದ್ದೆ. ಹೆರೊಡೋಟಸ್ ಕೊಡುವ ಲೆಕ್ಕದಂತೆ ಪ್ಲಟೇಯಕ್ಕೆ ಹೋದ ಸ್ಪಾರ್ಟಾದ ನಾಗರಿಕರು 5000, ಒಬ್ಬೊಬ್ಬನ ಜೊತೆ ಏಳು ಹೆಲಾಟರು, ಒಟ್ಟು 35,000. ನಿಮ್ಮ ನಾಯಕನ ಸುತ್ತ ಏಳು ಜೋಡಿ ಕಣ್ಣುಗಳಿದ್ದವು. ಅವನ ಧೈರ್ಯವನ್ನು, ಹೊಟ್ಟೆನೋವನ್ನು, ಹಿಂದಿನ ರಾತ್ರಿಯ ನಿದ್ದೆಗೇಡನ್ನು ಅವನ ಸಮಾನರಿಗಿಂತ ಹತ್ತಿರದಿಂದ ಕಂಡವರು ಇವರು. ಇದರ ಕಷ್ಟವನ್ನೂ ಹೇಳಿಬಿಡುತ್ತೇನೆ. ಹೆಲಾಟನೊಬ್ಬನ ಮಾತು ನೇರವಾಗಿ ನಮಗೆ ಒಂದೂ ಉಳಿದಿಲ್ಲ, ಅವನ ಮನಸ್ಸನ್ನು ಪೂರ್ತಿ ನೀವೇ ಕಟ್ಟಬೇಕು. ಅವನನ್ನು ಪ್ರತಿ ಪುಟದಲ್ಲೂ ದಂಗೆಯ ಕನಸು ಕಾಣುವವನನ್ನಾಗಿ ಮಾಡುವ ಸೆಳೆತ ಬರುತ್ತದೆ. ಅವನೂ ಮನುಷ್ಯ. ಒಡೆಯನ ಬಗ್ಗೆ ಅವನಿಗೆ ದ್ವೇಷವಿದೆ, ಒಮ್ಮೊಮ್ಮೆ ಹೆಮ್ಮೆಯೂ ಇರಬಹುದು, ಊರಲ್ಲಿ ಬಿಟ್ಟುಬಂದ ಎತ್ತಿನ ಚಿಂತೆ ಎರಡಕ್ಕಿಂತ ದೊಡ್ಡದಾಗಿರಬಹುದು.

ಕಥೆಯ ಬೀಜಕ್ಕೆ ದೂರ ಹೋಗಬೇಕಿಲ್ಲ. 480ರಲ್ಲಿ ಥರ್ಮೋಪಿಲೆಯ ಕಣಿವೆಯಲ್ಲಿ ಇಬ್ಬರು ಸ್ಪಾರ್ಟನ್ನರಿಗೆ ಕಣ್ಣುಬೇನೆ ಬಂದಿತ್ತು, ಯೂರಿಟಸ್ ಮತ್ತು ಅರಿಸ್ಟೊಡೆಮಸ್. ಪಾರಸಿಕರು, ಅಂದರೆ ಪರ್ಷಿಯನ್ನರು, ಸುತ್ತುವರಿಯುತ್ತಿದ್ದಾರೆಂದು ತಿಳಿದಾಗ ಯೂರಿಟಸ್ ಕವಚ ತೊಟ್ಟು, ತನ್ನನ್ನು ಯುದ್ಧದ ಕಡೆಗೆ ನಡೆಸಿಕೊಂಡು ಹೋಗು ಎಂದು ತನ್ನ ಹೆಲಾಟನಿಗೆ ಆಜ್ಞಾಪಿಸಿದ. ಹೆಲಾಟ ಕೈಹಿಡಿದು ನಡೆಸಿದ, ತಂದು ಮುಟ್ಟಿಸಿ ಓಡಿಹೋದ. ಯೂರಿಟಸ್ ನುಗ್ಗಿ ಸತ್ತ. ಹೆರೊಡೋಟಸ್ ಇದಕ್ಕೆ ಕೊಡುವುದು ಒಂದೆರಡು ಸಾಲು, ಆ ಹೆಲಾಟನ ಹೆಸರನ್ನೂ ಹೇಳುವುದಿಲ್ಲ. ಕುರುಡನಂತಾದ ಒಡೆಯನ ಕೈ ತನ್ನ ಕೈಯಲ್ಲಿ, ಅವನನ್ನು ಎಲ್ಲಿಗೆ ಬೇಕಾದರೂ ಕರೆದೊಯ್ಯಬಹುದಾಗಿದ್ದ ಆ ದಾರಿ! ಬೆಟ್ಟದಿಂದ ಬೀಳುವ ಕೂಸಿಗಿಂತ ಅದು ನನ್ನನ್ನು ಹೆಚ್ಚು ಕಾಡಿದೆ. ಹಿಂದೆ ಉಳಿದು ಊರಿಗೆ ಮರಳಿದ ಅರಿಸ್ಟೊಡೆಮಸನಿಗೆ ಯಾರೂ ಒಲೆ ಹಚ್ಚಲು ಬೆಂಕಿ ಕೊಡಲಿಲ್ಲ, ಮಾತಾಡಿಸಲಿಲ್ಲ, ‘ನಡುಗುವವನು’ ಎಂದು ಹೆಸರಿಟ್ಟರು. ಮರುವರ್ಷ ಅವನು ಪ್ಲಟೇಯದಲ್ಲಿ ಸಾಲು ಬಿಟ್ಟು ಮುನ್ನುಗ್ಗಿ ಹೋರಾಡಿ ಸತ್ತ. ಆದರೂ ಗೌರವ ಸಿಗಲಿಲ್ಲ, ಸಾಯಲೆಂದೇ ಹೋರಾಡಿದ ಎಂಬ ಕಾರಣಕ್ಕೆ. ಇವನು ನಿಮ್ಮ ಕಾದಂಬರಿಯ ಕೊನೆಯ ಭಾಗದಲ್ಲಿ ನಿಮ್ಮ ನಾಯಕನ ಪಕ್ಕದಲ್ಲೇ ಇದ್ದವನು. 140 ಪುಟಗಳಲ್ಲಿ ಅವನು ಎಲ್ಲಾದರೂ ಬಂದಿದ್ದಾನೆಯೇ?

ಯುದ್ಧದ ಅಧ್ಯಾಯಕ್ಕೂ ಒಂದು ಸಲಹೆ. ಪ್ಲಟೇಯವೆಂದರೆ ಬಹುಪಾಲು ಕಾಯುವಿಕೆ. ಹತ್ತು ದಿನಕ್ಕೂ ಹೆಚ್ಚು ಕಾಲ ಎರಡು ಸೇನೆಗಳು ಬಿಸಿಲಲ್ಲಿ ಎದುರುಬದುರು ಕುಳಿತಿದ್ದವು. ಪಾರಸಿಕರ ಕುದುರೆ ದಂಡು ಬೆಟ್ಟದ ದಾರಿಯಲ್ಲಿ ದವಸ ತರುತ್ತಿದ್ದ ಐನೂರು ಪ್ರಾಣಿಗಳನ್ನು ಹಿಡಿಯಿತು, ಗಾರ್ಗಾಫಿಯ ಎಂಬ ಒಂದೇ ನೀರಿನ ಊಟೆಯನ್ನು ಕೆಡಿಸಿತು. ಹೆಲಾಟ ಕಥೆ ಹೇಳುವುದಾದರೆ ನೀರು ತರುವವನು ಅವನೇ ತಾನೇ? ಕೊನೆಯ ದಿನ ಬಾಣಗಳ ಮಳೆ ಸುರಿಯುತ್ತಿದ್ದರೂ ಬಲಿಯ ಶಕುನ ಸರಿಬರಲಿಲ್ಲವೆಂದು ಸೇನಾಪತಿ ಪೌಸಾನಿಯಸ್ ಅಪ್ಪಣೆ ಕೊಡಲಿಲ್ಲ, ಸೈನಿಕರು ಕುಳಿತಲ್ಲೇ ಬಾಣ ತಿಂದರು. ಗ್ರೀಕರಲ್ಲೇ ಅತ್ಯಂತ ಸುಂದರನೆನಿಸಿದ್ದ ಕಲ್ಲಿಕ್ರಟೀಸ್ ಹಾಗೆ ಕುಳಿತಿದ್ದಾಗಲೇ ಪಕ್ಕೆಗೆ ಬಾಣ ನಾಟಿತು. ಸಾಯುವುದಕ್ಕಲ್ಲ, ಒಂದು ಏಟೂ ಹೊಡೆಯದೆ ಸಾಯುತ್ತಿದ್ದೇನಲ್ಲ ಎಂದು ಅವನು ಮರುಗಿದ. ನಿಮ್ಮ ನಾಯಕನಿಗೆ ನೀವು ಬರೆದಿರುವ ಸಾವಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಇನ್ನೊಂದು ಸಣ್ಣ ವಿಷಯ: ಅವರನ್ನು ಹೆಜ್ಜೆ ಹಾಕಿಸುತ್ತಿದ್ದ ‘ಔಲೋಸ್’ ಅನ್ನು ಕೊಳಲು ಎಂದು ಬರೆಯಬೇಡಿ. ಅದು ನಾಲಿಗೆಯಿರುವ ವಾದ್ಯ, ಎರಡು ಕೊಳವೆಗಳನ್ನು ಒಟ್ಟಿಗೆ ಬಾಯಲ್ಲಿಟ್ಟು ಊದುವಂಥದ್ದು. ಧ್ವನಿ ನಮ್ಮ ಓಲಗದ ಕಡೆಗೆ ಹತ್ತಿರ. ಕೊಳಲು ಎಂದಾಕ್ಷಣ ನಮ್ಮ ಓದುಗನಿಗೆ ಬೃಂದಾವನ ಕಾಣುತ್ತದೆ.

ಭಾಷೆಯ ವಿಷಯದಲ್ಲಿ ನಿಮ್ಮ ಅಳುಕು ಸರಿಯಾದದ್ದೇ. ಹಳಗನ್ನಡದ ಛಾಯೆ ಬೇಡ. ಅದಕ್ಕಿಂತ ಸೂಕ್ಷ್ಮವಾದ ಅಪಾಯ ನಮ್ಮ ವೀರಗಲ್ಲುಗಳ ಪದಗಳಲ್ಲಿದೆ. ಜೋಳವಾಳಿ, ವೇಳೆವಾಳಿ, ಸ್ವಾಮಿನಿಷ್ಠೆ ಎಂಬ ಮಾತುಗಳು ಯೋಧ ಎಂದೊಡನೆ ಕೈಗೆ ಬರುತ್ತವೆ. ಉಂಡ ಜೋಳದ ಋಣ ತೀರಿಸಲು ಒಡೆಯನಿಗಾಗಿ ಪ್ರಾಣ ಕೊಡುವ ಕಲ್ಪನೆ ಅದು. ಸ್ಪಾರ್ಟಾದ ನಾಗರಿಕನಿಗೆ ಒಡೆಯನಿಲ್ಲ, ಅವನು ಸಮಾನರ ನಡುವೆ ಅವರ ಕಣ್ಣಿಗೆ ಹೆದರಿ ನಿಲ್ಲುವವನು. ಅವನು ಉಂಡದ್ದು ಹೆಲಾಟನ ಜೋಳ. ಋಣದ ಮಾತೆತ್ತಿದರೆ ಅದು ತಿರುಗುಮುರುಗಾಗಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ. ಹೆಲಾಟನನ್ನು ಜೀತದಾಳು ಎಂದರೆ ಸಾಲದ ಕಥೆ ಒಳಗೆ ಬರುತ್ತದೆ, ಒಕ್ಕಲು ಎಂದರೆ ಕ್ರೌರ್ಯ ಮರೆಯಾಗುತ್ತದೆ, ಗುಲಾಮ ಎಂದರೆ ಸಂತೆಯಲ್ಲಿ ಕೊಂಡವನೆಂದು ಕೇಳುತ್ತದೆ. ಅವರನ್ನು ಒಡೆಯ ಹೊರಗೆ ಮಾರುವಂತಿರಲಿಲ್ಲ, ನೆಲಕ್ಕೆ ಅಂಟಿದವರು ಅವರು. ‘ಹೆಲಾಟ’ ಎಂದೇ ಇಟ್ಟುಕೊಳ್ಳಿ, ಹತ್ತು ಪುಟಗಳಲ್ಲಿ ಓದುಗನಿಗೆ ಅರ್ಥ ತಾನಾಗಿ ತುಂಬಿಕೊಳ್ಳುತ್ತದೆ. ‘ಯವನ’ ಎಂಬ ಪದ ಅಯೋನಿಯದ ಗ್ರೀಕರ ಹೆಸರಿನಿಂದ ಬಂದದ್ದು. ಸ್ಪಾರ್ಟಾದವರು ಡೋರಿಯನ್ನರು, ಅಯೋನಿಯದವರಿಗಿಂತ ತಾವು ಬೇರೆ ಎಂದು ಭಾವಿಸಿದವರು. ಅವರ ಬಾಯಲ್ಲೇ ‘ನಾವು ಯವನರು’ ಎಂದು ಹೇಳಿಸಬೇಡಿ. ಪರ್ಷಿಯನ್ನರಿಗೆ ಮಾತ್ರ ‘ಪಾರಸಿಕರು’ ಎಂಬ ಸೊಗಸಾದ ಪದ ಸಿದ್ಧವಾಗಿದೆ, ಎಸ್ಕಿಲಸನ ನಾಟಕವನ್ನು ಬಿ.ಎಂ.ಶ್ರೀ ಅವರು ಆ ಹೆಸರಿನಲ್ಲೇ ಕನ್ನಡಕ್ಕೆ ತಂದಿದ್ದಾರೆ. ಸ್ಪಾರ್ಟಾದವರ ಮಾತು ಅಥೆನ್ಸಿನವರಿಗೆ ಬೇರೆಯಾಗಿ ಕೇಳುತ್ತಿತ್ತು. ಅದನ್ನು ತೋರಿಸಲು ನಮ್ಮ ಯಾವುದೋ ಒಂದು ಸೀಮೆಯ ನುಡಿಯನ್ನು ಅವರಿಗೆ ಕೊಟ್ಟರೆ ಓದುಗನಿಗೆ ಆ ಸೀಮೆಯೇ ಕಾಣುತ್ತದೆ. ವಾಕ್ಯ ಚಿಕ್ಕದಾಗಲಿ, ಸಾಕು. ಕಡಿಮೆ ಮಾತಿಗೆ ಅವರು ಆ ಕಾಲದಲ್ಲೇ ಹೆಸರಾಗಿದ್ದರು.

ಬರೆದ 140 ಪುಟ ವ್ಯರ್ಥವೆಂದು ತಿಳಿಯಬೇಡಿ. ಆ ಯೋಧ ನಿಮಗೆ ಪರಿಚಯವಾದದ್ದು ಅದರಿಂದ. ಈಗ ಅವನನ್ನು ಪಕ್ಕದಲ್ಲಿ ನಡೆಯುವವನ ಕಣ್ಣಿಂದ ನೋಡಿ ಒಂದೇ ಒಂದು ಅಧ್ಯಾಯ ಬರೆಯಿರಿ, ಇಡೀ ಕಾದಂಬರಿಯನ್ನು ಬದಲಿಸುವ ನಿರ್ಧಾರ ಆಮೇಲೆ ಮಾಡಬಹುದು. ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, 479ರ ಬೇಸಿಗೆಯ ಆ ರಾತ್ರಿಯಿಂದ. ಸ್ಪಾರ್ಟಾದವರು ಹಯಾಕಿಂಥಿಯ ಹಬ್ಬದ ನೆಪದಲ್ಲಿ ದಿನ ದೂಡಿ, ನೆರವು ಕೇಳಲು ಬಂದಿದ್ದ ಅಥೆನ್ಸಿನ ದೂತರಿಗೂ ತಿಳಿಸದೆ ಕತ್ತಲೆಯಲ್ಲಿ ಸೇನೆಯನ್ನು ಹೊರಡಿಸಿದರು. ಒಡೆಯ ಬಚ್ಚಿಟ್ಟಿದ್ದ ತೋಳುಪಟ್ಟಿಯನ್ನು ಹೊರತೆಗೆದು ಗುರಾಣಿಗೆ ಜೋಡಿಸುತ್ತಿದ್ದಾನೆ. ಬಾಗಿಲಲ್ಲಿ ನಿಂತ ಹೆಲಾಟ, ಅದು ಇಷ್ಟು ದಿನ ಎಲ್ಲಿತ್ತೆಂದು ತನಗೆ ಗೊತ್ತೇ ಇರಲಿಲ್ಲವೆಂಬಂತೆ ಮುಖ ಬೇರೆ ಕಡೆ ತಿರುಗಿಸಿಕೊಂಡು ಕಾಯುತ್ತಿದ್ದಾನೆ.

ಕೊನೆಯ ಅಧ್ಯಾಯಕ್ಕೆ ಬಂದಾಗ ಹೆರೊಡೋಟಸ್ ಕೊಡುವ ಎರಡು ವಿವರಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಪ್ಲಟೇಯದಲ್ಲಿ ಸತ್ತ ಸ್ಪಾರ್ಟಾದ ನಾಗರಿಕರು 91 ಎಂದು ಅವನು ಎಣಿಸಿ ಹೇಳುತ್ತಾನೆ, ಕೆಲವರ ಹೆಸರನ್ನೂ ಬರೆಯುತ್ತಾನೆ. ಸ್ಪಾರ್ಟಾದವರು ಅಲ್ಲಿ ಮೂರು ಸಮಾಧಿ ಮಾಡಿದರು, ಮೂರನೆಯದು ಹೆಲಾಟರದು ಎಂದೂ ಹೇಳುತ್ತಾನೆ. ಅದರೊಳಗೆ ಎಷ್ಟು ಜನ ಎಂದು ಬರೆದಿಲ್ಲ.